ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಲಿಕ್ ತರುವ ಮಾತು, ಗಿರಾಕಿ ತರುವ ಮಾತು

ಆನ್‌ಲೈನ್ ಜಾಹೀರಾತಿನ ಬಗ್ಗೆ ಕೆಲವು ತಿಂಗಳಿಂದ ಬಂದ ಪತ್ರಗಳನ್ನಷ್ಟೇ ಈ ಸಲ ಎತ್ತಿಕೊಂಡಿದ್ದೇನೆ. ಮೊದಲ ಪತ್ರದ ಅಂಗಡಿಯವರು ನನ್ನೊಡನೆ ಮೂರು ಸಲ ಪತ್ರವ್ಯವಹಾರ ನಡೆಸಿದ್ದರಿಂದ ಹೆಚ್ಚಿನ ಜಾಗ ಅವರಿಗೇ ಹೋಗಿದೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ದಾವಣಗೆರೆಯ ಹದಡಿ ರಸ್ತೆಯಲ್ಲಿ ನಮ್ಮದು ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿ. ತಂದೆಯವರ ಕಾಲದಿಂದ ನಡೆದುಬಂದಿದೆ. ಈಗ ಗೂಗಲ್‌ನಲ್ಲಿ ಕ್ಲಿಕ್ಕಿಗೆ ಇಷ್ಟು ಎಂಬ ಲೆಕ್ಕದ ಜಾಹೀರಾತು ಕೊಡುತ್ತಿದ್ದೇವೆ. ಜನವರಿಯಲ್ಲಿ ‘ಮೂವತ್ತು ವರ್ಷಗಳ ಅನುಭವ’ ಎಂಬ ತಲೆಬರಹ ಹಾಕಿದ್ದೆವು. ಅದು 1,150 ಬಾರಿ ಕಾಣಿಸಿಕೊಂಡು 23 ಕ್ಲಿಕ್ ತಂದಿತು. ಮಾರ್ಚ್‌ನಲ್ಲಿ ಅದನ್ನು ತೆಗೆದು ‘ಇಂದು ಕೊಟ್ಟರೆ ನಾಳೆ ಸಿದ್ಧ’ ಎಂದು ಹಾಕಿದೆವು. ಅದು 1,240 ಬಾರಿ ಕಾಣಿಸಿಕೊಂಡು 50 ಕ್ಲಿಕ್ ತಂದಿತು. ನೂರಕ್ಕೆ ಎರಡು ಇದ್ದದ್ದು ನಾಲ್ಕಾಯಿತು. ಮಾತು ಬದಲಿಸಿದ್ದರಿಂದಲೇ ಹೀಗಾಯಿತೆಂದು ನನ್ನ ತಮ್ಮ ಹೇಳುತ್ತಾನೆ. ಹಾಗೆಂದು ನಂಬಬಹುದೇ?

ಉತ್ತರ: ನಿಮ್ಮ ತಮ್ಮನವರು ಹೇಳುವುದು ನಿಜವಿರಬಹುದು, ಆದರೆ ಈ ಲೆಕ್ಕದಿಂದ ಅದು ಸಾಬೀತಾಗುವುದಿಲ್ಲ. ಜನವರಿಗೂ ಮಾರ್ಚಿಗೂ ನಡುವೆ ಬದಲಾದದ್ದು ತಲೆಬರಹ ಒಂದೇ ಅಲ್ಲ. ಜನವರಿಯಲ್ಲಿ ಮೋಟಾರ್ ರಿಪೇರಿಯ ಅಂಗಡಿ ಹುಡುಕುವವರಲ್ಲಿ ಸುಮ್ಮನೆ ವಿಚಾರಿಸಿಡುವವರೇ ಹೆಚ್ಚು. ಮಾರ್ಚ್‌ನಲ್ಲಿ ಹುಡುಕುವ ಚನ್ನಗಿರಿ ಕಡೆಯ ರೈತರ ಮೋಟಾರ್ ಆಗಲೇ ಸುಟ್ಟಿರುತ್ತದೆ, ತೋಟಕ್ಕೆ ನೀರು ಬಿಟ್ಟು ನಾಲ್ಕು ದಿನವಾಗಿರುತ್ತದೆ, ಅಡಿಕೆ ಗಿಡದ ಸೋಗೆ ಹಳದಿಗೆ ತಿರುಗುತ್ತಿರುತ್ತದೆ. ಅಂಥವರು ಅನುಭವ ಎಂದಿದ್ದರೂ ಒತ್ತುತ್ತಾರೆ, ನಾಳೆ ಸಿದ್ಧ ಎಂದಿದ್ದರೂ ಒತ್ತುತ್ತಾರೆ. ನೀವು ಬೇಸಿಗೆಯನ್ನು ಅಳೆದು ಅದಕ್ಕೆ ತಲೆಬರಹದ ಹೆಸರಿಟ್ಟಿದ್ದೀರಿ.

ಇದಕ್ಕೆ ಪರಿಹಾರ ನಮ್ಮ ಜಿಲ್ಲೆಯ ರೈತರಿಗೆ ಹೊಸದಲ್ಲ. ಮೆಕ್ಕೆಜೋಳದ ಎರಡು ತಳಿಗಳಲ್ಲಿ ಯಾವುದು ಮೇಲೆಂದು ತಿಳಿಯಬೇಕಾದಾಗ ಒಂದನ್ನು ಈ ವರ್ಷ, ಇನ್ನೊಂದನ್ನು ಬರುವ ವರ್ಷ ಬಿತ್ತಿ ಯಾರೂ ಹೋಲಿಸುವುದಿಲ್ಲ, ಏಕೆಂದರೆ ಎರಡು ವರ್ಷದ ಮಳೆ ಒಂದೇ ಸಮ ಇರುವುದಿಲ್ಲ. ಒಂದೇ ಹೊಲದಲ್ಲಿ, ಒಂದೇ ಹಂಗಾಮಿನಲ್ಲಿ, ತಾಕುಗಳನ್ನು ಮಾಡಿ ಬಿತ್ತುತ್ತಾರೆ. ಅಲ್ಲೂ ಯಾವ ತಳಿ ಯಾವ ತಾಕಿಗೆ ಎಂಬುದನ್ನು ಬಿತ್ತುವವರ ಇಷ್ಟಕ್ಕೆ ಬಿಟ್ಟರೆ ಅವರಿಗೆ ಮೆಚ್ಚಿದ ತಳಿ ತಗ್ಗಿನ ಕಪ್ಪು ಮಣ್ಣಿಗೆ ಹೋಗಿಬಿಡುತ್ತದೆ. ಆದ್ದರಿಂದ ಚೀಟಿ ಎತ್ತಿ ಹಂಚಬೇಕು ಎಂಬುದನ್ನು ಪಟ್ಟುಹಿಡಿದು ಹೇಳಿದವರು, 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್. ಇಂದು ಕಂಪ್ಯೂಟರಿನವರು ಎ–ಬಿ ಪರೀಕ್ಷೆ ಎಂದು ಕರೆಯುವ ಪದ್ಧತಿಯ ಬೇರು ಗೊಬ್ಬರ ಹಾಕಿದ ಹೊಲದಲ್ಲಿದೆ. ಎರಡೂ ತಲೆಬರಹಗಳು ಒಂದೇ ಕಾಲದಲ್ಲಿ ಚಾಲ್ತಿಯಲ್ಲಿರಬೇಕು, ಮತ್ತು ಹುಡುಕಿದವರಲ್ಲಿ ಯಾರಿಗೆ ಯಾವುದು ಕಾಣಬೇಕೆಂಬುದು ಚೀಟಿ ಎತ್ತಿದಂತೆ ತೀರ್ಮಾನವಾಗಬೇಕು.

ಖಾತೆಯಲ್ಲಿ ಇದನ್ನು ಮಾಡುವಾಗ ಎರಡು ಕಡೆ ಎಡವುವ ಸಾಧ್ಯತೆಯಿದೆ. ಈಗಿನ ಗೂಗಲ್ ಹುಡುಕಾಟದ ಜಾಹೀರಾತಿನಲ್ಲಿ ನೀವು 15ರವರೆಗೆ ತಲೆಬರಹಗಳನ್ನೂ 4ರವರೆಗೆ ವಿವರಣೆಯ ಸಾಲುಗಳನ್ನೂ ಕೊಡಬಹುದು. ಅವುಗಳಲ್ಲಿ ಯಾವುದನ್ನು ಯಾವುದರ ಜೊತೆ ತೋರಿಸಬೇಕೆಂದು ಯಂತ್ರವೇ ಆರಿಸುತ್ತದೆ. ಇಡೀ ಜಾಹೀರಾತನ್ನು ನಾವೇ ಕಟ್ಟಿಕೊಡುತ್ತಿದ್ದ ಹಳೆಯ ಬಗೆಯನ್ನು ಹೊಸದಾಗಿ ಸೇರಿಸುವ ಅವಕಾಶ 2022ರ ಜೂನ್ 30ಕ್ಕೆ ಮುಗಿಯಿತು. ಹೀಗಾಗಿ ಎರಡು ಮಾತುಗಳನ್ನು ಒಂದೇ ಜಾಹೀರಾತಿನೊಳಗೆ ಸುರಿದರೆ ಅವು ಕಲಸಿಹೋಗುತ್ತವೆ. ಎರಡು ಜಾಹೀರಾತುಗಳನ್ನು ಬೇರೆಯಾಗಿ ಬರೆದು, ಪರೀಕ್ಷಿಸಬೇಕಾದ ತಲೆಬರಹವನ್ನು ಮೊದಲ ಸ್ಥಾನಕ್ಕೆ ಪಿನ್ ಮಾಡಿ (ಅಂದರೆ ಯಾವಾಗಲೂ ಅಲ್ಲೇ ಕಾಣುವಂತೆ ಕಟ್ಟಿಹಾಕಿ), ಉಳಿದ ಸಾಲುಗಳನ್ನೆಲ್ಲ ಎರಡರಲ್ಲೂ ಅಕ್ಷರಶಃ ಒಂದೇ ಇಡಿ. ಇನ್ನೊಂದು ಎಡವು ಸರದಿಯದ್ದು. ತಾನಾಗಿ ಉತ್ತಮಗೊಳಿಸು ಎಂಬ ಆಯ್ಕೆ ಇದ್ದರೆ ಮೊದಲ ಕೆಲವು ದಿನ ಅದೃಷ್ಟದಿಂದ ಮುಂದೆ ಬಂದ ಜಾಹೀರಾತಿಗೇ ಯಂತ್ರ ಮಣೆ ಹಾಕುತ್ತದೆ, ಇನ್ನೊಂದು ಮೂಲೆಗೆ ಬೀಳುತ್ತದೆ. ಸೆಟ್ಟಿಂಗ್‌ನಲ್ಲಿ ಉತ್ತಮಗೊಳಿಸಬೇಡ, ಸರದಿಯಂತೆ ತೋರಿಸು ಎಂಬುದನ್ನು ಆರಿಸಿಕೊಳ್ಳಿ. ಆದರೆ ಪ್ರತಿ ಹುಡುಕಾಟಕ್ಕೂ ಎಷ್ಟು ಬೆಲೆ ಕೂಗಬೇಕೆಂಬುದನ್ನು ಯಂತ್ರಕ್ಕೇ ಬಿಡುವ ಸ್ಮಾರ್ಟ್ ಬಿಡ್ಡಿಂಗ್ ಚಾಲ್ತಿಯಲ್ಲಿದ್ದರೆ ಈ ಸರದಿಯ ಆಯ್ಕೆಗೆ ಬೆಲೆಯಿಲ್ಲ. ಆಗ ಖಾತೆಯಲ್ಲಿರುವ ಎಕ್ಸ್‌ಪೆರಿಮೆಂಟ್ಸ್ ಎಂಬ ಸೌಲಭ್ಯದಿಂದ ಪ್ರಚಾರವನ್ನು ಅರ್ಧಕ್ಕರ್ಧ ಒಡೆದುಕೊಳ್ಳಬೇಕು.

ಇನ್ನು ಎಷ್ಟು ದಿನ ಕಾಯಬೇಕೆಂಬುದು. ದಿನ ಎಣಿಸಬೇಡಿ, ಕ್ಲಿಕ್ ಎಣಿಸಿ. ಎರಡೂ ಜಾಹೀರಾತುಗಳು ಸರಿಸುಮಾರು ಅಷ್ಟೇ ಬಾರಿ ಕಾಣಿಸಿಕೊಂಡಿದ್ದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೇ ಮಾಡಬಹುದಾದ ಒಂದು ಲೆಕ್ಕವಿದೆ. ಎರಡರ ಕ್ಲಿಕ್‌ಗಳನ್ನು ಕೂಡಿಸಿ, ಬಂದ ಮೊತ್ತದ ವರ್ಗಮೂಲ ತೆಗೆದು, ಅದನ್ನು ಇಮ್ಮಡಿ ಮಾಡಿ. ಎರಡು ಜಾಹೀರಾತುಗಳ ಕ್ಲಿಕ್ಕಿನ ಅಂತರ ಆ ಸಂಖ್ಯೆಗಿಂತ ಹೆಚ್ಚಿದ್ದರೆ ಅದನ್ನು ಬರಿಯ ಅದೃಷ್ಟವೆಂದು ತಳ್ಳಿಹಾಕುವುದು ಕಷ್ಟ, ಕಡಿಮೆಯಿದ್ದರೆ ತೀರ್ಪು ಇನ್ನೂ ಬಂದಿಲ್ಲ. ಸಾವಿರ ಸಾವಿರ ಬಾರಿ ಕಾಣಿಸಿಕೊಂಡ ಎರಡು ಜಾಹೀರಾತುಗಳಿಗೆ 30 ಮತ್ತು 40 ಕ್ಲಿಕ್ ಬಂದವೆನ್ನಿ. ಮೊತ್ತ 70, ವರ್ಗಮೂಲ ಸುಮಾರು 8.4, ಇಮ್ಮಡಿ ಮಾಡಿದರೆ 17ರ ಹತ್ತಿರ. ಅಂತರ ಹತ್ತೇ ಹತ್ತು. ನೂರಕ್ಕೆ ಮೂರು, ನೂರಕ್ಕೆ ನಾಲ್ಕು ಎಂದು ಹೇಳಿದಾಗ ಮೂರನೆಯ ಒಂದು ಭಾಗ ಹೆಚ್ಚಾಯಿತೆಂದು ಕಿವಿಗೆ ದೊಡ್ಡದಾಗಿ ಕೇಳುತ್ತದೆ, ಆದರೆ ನಾಣ್ಯ ಚಿಮ್ಮಿದರೂ ಇಷ್ಟು ಏರುಪೇರು ಬರುತ್ತದೆ. ಮೂರಕ್ಕೂ ನಾಲ್ಕಕ್ಕೂ ಇರುವ ವ್ಯತ್ಯಾಸವನ್ನು ಧೈರ್ಯವಾಗಿ ಹಿಡಿಯಬೇಕಾದರೆ ಒಂದೊಂದೂ ಐದು ಸಾವಿರಕ್ಕಿಂತ ಹೆಚ್ಚು ಬಾರಿ ಕಾಣಿಸಿಕೊಳ್ಳಬೇಕಾಗುತ್ತದೆ.

ನಮ್ಮಂಥ ಊರುಗಳ ಕಷ್ಟ ಇರುವುದು ಇಲ್ಲಿಯೇ, ಮತ್ತು ಬೆಂಗಳೂರಿನ ಏಜೆನ್ಸಿಯವರು ಇದನ್ನು ಬಿಡಿಸಿ ಹೇಳುವುದು ಅಪರೂಪ. ಲಕ್ಷಾಂತರ ಜನ ಹುಡುಕುವ ಕಡೆ ‘ಇಂದೇ ಬನ್ನಿ’ ಒಳ್ಳೆಯದೋ ‘ಈಗಲೇ ಬನ್ನಿ’ ಒಳ್ಳೆಯದೋ ಎಂದು ಪರೀಕ್ಷಿಸುವುದಕ್ಕೆ ಅರ್ಥವಿದೆ. ದಾವಣಗೆರೆಯಲ್ಲಿ ಮೋಟಾರ್ ರಿಪೇರಿ ಎಂದು ಹುಡುಕುವವರು ತಿಂಗಳಿಗೆ ಸಾವಿರದ ಆಸುಪಾಸಿನಲ್ಲಿದ್ದರೆ ಆ ಪರೀಕ್ಷೆ ವರ್ಷ ಕಳೆದರೂ ಮುಗಿಯುವುದಿಲ್ಲ. ಸಣ್ಣ ಊರಿನಲ್ಲಿ ಪದವನ್ನು ಬದಲಿಸಿ ನೋಡುವುದು ವ್ಯರ್ಥ, ಮಾತನ್ನೇ ಬದಲಿಸಬೇಕು. ಗಿರಾಕಿ ನಿಮ್ಮಲ್ಲಿಗೆ ಬರಲು ಒಂದು ಕಾರಣಕ್ಕೆ ಎದುರಾಗಿ ಪೂರಾ ಬೇರೆಯದೇ ಆದ ಕಾರಣವನ್ನು ನಿಲ್ಲಿಸಿದರೆ ಮಾತ್ರ ಅಂತರ ದೊಡ್ಡದಾಗಿ ಬರುತ್ತದೆ, ಸಣ್ಣ ಎಣಿಕೆಯಲ್ಲೂ ಕಣ್ಣಿಗೆ ಬೀಳುತ್ತದೆ.

ಕೊನೆಯದಾಗಿ, ನಿಮಗೆ ಹಣ ಕೊಡುವುದು ಕ್ಲಿಕ್ ಅಲ್ಲ, ಅಂಗಡಿಗೆ ಬರುವ ಮೋಟಾರ್. ಆದ್ದರಿಂದ ಯಾವ ಜಾಹೀರಾತಿನಿಂದ ಎಷ್ಟು ಫೋನ್ ಬಂತೆಂಬುದನ್ನೂ ಬರೆದಿಡಿ.

ಮುಂದುವರಿದ ಪತ್ರ: ನೀವು ತಿಳಿಸಿದಂತೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಎರಡನ್ನೂ ಒಟ್ಟಿಗೆ ಹಾಕಿದೆವು. ‘ಅನುಭವ’ 1,480 ಬಾರಿ ಕಾಣಿಸಿ 58 ಕ್ಲಿಕ್, ‘ನಾಳೆ ಸಿದ್ಧ’ 1,510 ಬಾರಿ ಕಾಣಿಸಿ 71 ಕ್ಲಿಕ್. ಯಾವ ಫೋನ್ ಯಾವುದರಿಂದ ಬಂತೆಂದು ತಿಳಿಯಲು ತಮ್ಮ ಒಂದು ಉಪಾಯ ಮಾಡಿದ. ಎರಡು ಜಾಹೀರಾತಿಗೆ ನಮ್ಮದೇ ವೆಬ್‌ಸೈಟಿನಲ್ಲಿ ಎರಡು ಪುಟ ಮಾಡಿಸಿದೆವು. ಪುಟದಲ್ಲಿರುವುದೆಲ್ಲ ಒಂದೇ, ಫೋನ್ ನಂಬರ್ ಮಾತ್ರ ಬೇರೆ ಬೇರೆ. ಗಲ್ಲಾದ ಮೇಲೆ ‘ಅನುಭವ’ಕ್ಕೆ ಕೆಂಪು ಕವರಿನ ಫೋನ್ ಒಂದು, ‘ನಾಳೆ ಸಿದ್ಧ’ಕ್ಕೆ ನೀಲಿ ಕವರಿನದು ಇನ್ನೊಂದು. ಕೆಂಪಿಗೆ 11 ಕರೆ, ನೀಲಿಗೆ 19 ಕರೆ ಬಂದಿವೆ. ಈಗ ನೀಲಿಯೇ ಗೆದ್ದಿತೆನ್ನಬಹುದೇ?

ಉತ್ತರ: ತಮ್ಮನವರ ಉಪಾಯ ನನಗೆ ಬಹಳ ಹಿಡಿಸಿತು. ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಅಂಚೆಯ ಮೂಲಕ ಸರಕು ಮಾರುತ್ತಿದ್ದವರು ಪತ್ರಿಕೆಯ ಒಂದೊಂದು ಜಾಹೀರಾತಿನ ಕೂಪನ್ನಿಗೂ ಒಂದೊಂದು ಗುರುತು ಹಾಕಿ, ಯಾವ ಗುರುತಿನ ಕೂಪನ್ ಎಷ್ಟು ಮರಳಿ ಬಂತೆಂದು ಎಣಿಸುತ್ತಿದ್ದರು. ನಿಮ್ಮ ಕೆಂಪು ಕವರು, ನೀಲಿ ಕವರು ಅದೇ ಕೂಪನ್ನುಗಳು. ಒಂದು ಎಚ್ಚರಿಕೆ ಮಾತ್ರ: ಜಾಹೀರಾತಿನ ಕೆಳಗೇ ಫೋನ್ ನಂಬರ್ ತೋರಿಸುವ ಕಾಲ್ ಸೌಲಭ್ಯವನ್ನು ಪರೀಕ್ಷೆ ಮುಗಿಯುವ ತನಕ ನಿಲ್ಲಿಸಿಡಿ, ಇಲ್ಲದಿದ್ದರೆ ಎರಡೂ ಜಾಹೀರಾತಿನವರು ಒಂದೇ ನಂಬರಿಗೆ ಕರೆ ಮಾಡಿ ನಿಮ್ಮ ಬಣ್ಣಗಳು ಕಲೆತುಹೋಗುತ್ತವೆ.

ಲೆಕ್ಕಕ್ಕೆ ಬಂದರೆ ತೀರ್ಪು ಇನ್ನೂ ಬಂದಿಲ್ಲ. ಕ್ಲಿಕ್‌ಗಳ ಮೊತ್ತ 129, ವರ್ಗಮೂಲದ ಇಮ್ಮಡಿ 22.7, ಅಂತರ 13. ಕರೆಗಳ ಮೊತ್ತ 30, ವರ್ಗಮೂಲದ ಇಮ್ಮಡಿ ಸುಮಾರು 11, ಅಂತರ 8. ಎರಡೂ ಗೆರೆ ದಾಟಿಲ್ಲ. ಜನವರಿ–ಮಾರ್ಚ್ ಹೋಲಿಕೆಯಲ್ಲಿ ಇಮ್ಮಡಿಯಾಗಿ ಕಂಡ ಅಂತರ, ಒಂದೇ ಬೇಸಿಗೆಯಲ್ಲಿ ಅಕ್ಕಪಕ್ಕ ನಿಲ್ಲಿಸಿದ ಕೂಡಲೇ ಎಷ್ಟು ಕುಗ್ಗಿತೆಂಬುದನ್ನು ತಮ್ಮನವರಿಗೆ ತೋರಿಸಿ. ಇನ್ನಷ್ಟು ಕಾಯ್ದರೆ ಬಹುಶಃ ನೀಲಿಯೇ ಗೆಲ್ಲಬಹುದು. ಆದರೆ ಕಾಯುವ ಬದಲು ‘ನಾಳೆ ಸಿದ್ಧ’ ಎಂಬುದನ್ನು ಉಳಿಸಿಕೊಂಡು, ಅದರ ಎದುರಿಗೆ ಹೊಸದೊಂದು ಮಾತನ್ನು ನಿಲ್ಲಿಸಿ ಎನ್ನುತ್ತೇನೆ. ಆ ಮಾತನ್ನು ನೀವು ಕುಳಿತು ಯೋಚಿಸಿ ಹೊಳೆಯಿಸಿಕೊಳ್ಳಬೇಕಾಗಿಲ್ಲ. ಹದಿನೈದು ದಿನ ಫೋನಿನ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಕರೆ ಮಾಡಿದವರು ಹಲೋ ಎಂದ ಮೇಲೆ ಆಡುವ ಮೊದಲ ವಾಕ್ಯವನ್ನು, ಅವರು ಆಡಿದ ಮಾತಿನಲ್ಲೇ, ತಿದ್ದದೆ ಬರೆದುಕೊಳ್ಳಿ.

ಮುಂದುವರಿದ ಪತ್ರ: ನೋಟ್‌ಬುಕ್ ನೋಡಿ ನಮಗೇ ಆಶ್ಚರ್ಯವಾಯಿತು. ರಿವೈಂಡಿಂಗ್‌ಗೆ ಎಷ್ಟಾಗುತ್ತದೆ, ಯಾವಾಗ ಕೊಡುತ್ತೀರಿ ಎಂದು ಮೊದಲು ಕೇಳಿದವರು ಕೆಲವರೇ. ಹೆಚ್ಚಿನವರ ಮೊದಲ ಮಾತು ‘ಅಣ್ಣಾ, ಮೋಟಾರ್ ಎತ್ತಕ್ಕೆ ನೀವೇ ಬರ್ತೀರಾ, ನಾವೇ ಎತ್ತಿಸ್ಕೊಂಡು ತರಬೇಕಾ?’ ಎಂಬುದು. ಆರುನೂರು ಅಡಿಯಿಂದ ಪೈಪು ಸಮೇತ ಎತ್ತಬೇಕಾದರೆ ಗಾಡಿ ಬೇಕು, ಬೇಸಿಗೆಯಲ್ಲಿ ಗಾಡಿ ಸಿಗುವುದಿಲ್ಲ. ನಮ್ಮಲ್ಲಿ ಗಾಡಿ ಇದೆ, ಆದರೆ ಅದನ್ನು ಜಾಹೀರಾತಿನಲ್ಲಿ ಹೇಳಬೇಕೆಂದು ಹೊಳೆದೇ ಇರಲಿಲ್ಲ. ‘ಮೋಟಾರ್ ಎತ್ತುವ ಗಾಡಿ ನಮ್ಮದೇ’ ಎಂಬ ತಲೆಬರಹವನ್ನು ‘ನಾಳೆ ಸಿದ್ಧ’ದ ಎದುರು ಜೂನ್, ಜುಲೈ ಎರಡು ತಿಂಗಳು ಹಾಕಿದೆವು. ‘ನಾಳೆ ಸಿದ್ಧ’ 1,400 ಬಾರಿ ಕಾಣಿಸಿ 55 ಕ್ಲಿಕ್, 14 ಕರೆ ತಂದರೆ, ‘ಗಾಡಿ ನಮ್ಮದೇ’ 1,420 ಬಾರಿ ಕಾಣಿಸಿ 92 ಕ್ಲಿಕ್, 33 ಕರೆ ತಂದಿತು.

ಉತ್ತರ: ಇದು ಗೆಲುವು. ಕ್ಲಿಕ್‌ಗಳ ಅಂತರ 37, ದಾಟಬೇಕಾದ ಗೆರೆ 24ರ ಹತ್ತಿರ. ಕರೆಗಳ ಅಂತರ 19, ಗೆರೆ 14ಕ್ಕಿಂತ ಕೆಳಗೆ. ಮಳೆಗಾಲದಲ್ಲಿ ಹುಡುಕುವವರು ಕಡಿಮೆಯಾದರೂ ಅದರ ಪೆಟ್ಟು ಎರಡಕ್ಕೂ ಸಮನಾಗಿ ಬಿದ್ದಿದೆ, ಹಾಗಾಗಿ ಹೋಲಿಕೆ ಕೆಡಲಿಲ್ಲ. ‘ಅನುಭವ’ ಎಂಬುದು ನಿಮ್ಮ ಬಗ್ಗೆ ನೀವು ಆಡಿದ ಮಾತಾಗಿತ್ತು, ‘ಗಾಡಿ’ ಎಂಬುದು ಗಿರಾಕಿ ನಿಮಗೆ ಹೇಳಿಕೊಟ್ಟ ಮಾತು. ಬರುವ ಮಾರ್ಚ್‌ನಲ್ಲಿ, ಎತ್ತುವ ಗಾಡಿಗೆ ಬೇಡಿಕೆ ಏರಿದಾಗ, ಇದನ್ನೇ ಇನ್ನೊಮ್ಮೆ ಪರೀಕ್ಷಿಸಿ. ಆ ಹೊತ್ತಿಗೆ ಪಕ್ಕದ ಅಂಗಡಿಯವರೂ ಇದೇ ತಲೆಬರಹ ಹಾಕಿಕೊಂಡಿರುತ್ತಾರೆ. ಒಂದು ಗಾಡಿಗೆ 33 ಕರೆಗಳನ್ನು ಹೊಂದಿಸುವ ಕಷ್ಟದ ಬಗ್ಗೆಯೂ ನೀವು ಬರೆದಿದ್ದೀರಿ. ಅದಕ್ಕೆ ಈ ಅಂಕಣದಲ್ಲಿ ಮದ್ದಿಲ್ಲ.

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮದು ಮೊಳಕಾಲ್ಮೂರು ರೇಷ್ಮೆ ಸೀರೆಗಳ ಮಾರಾಟ. ‘ಕಡಿಮೆ ಬೆಲೆಗೆ ಮೊಳಕಾಲ್ಮೂರು ಸೀರೆ’ ಎಂದು ಹಾಕಿದಾಗ ಕ್ಲಿಕ್ ಧಾರಾಳವಾಗಿ ಬರುತ್ತವೆ, ಆದರೆ ವ್ಯಾಪಾರವಿಲ್ಲ. ಬೆಲೆಯನ್ನೇ ಹಾಕಿದರೆ ಕ್ಲಿಕ್ ಬೀಳುತ್ತದೆಂದು ಜಾಹೀರಾತು ನೋಡಿಕೊಳ್ಳುವ ಹುಡುಗ ಹೆದರಿಸುತ್ತಾನೆ.

ಉತ್ತರ: ಬೀಳಲಿ. ಗೋಡೆಗೆ ಬರೆಸಿದ ಜಾಹೀರಾತನ್ನು ನೂರು ಜನ ಸುಮ್ಮನೆ ಓದಿ ಹೋದರೆ ನಿಮಗೆ ನಷ್ಟವಿಲ್ಲ. ಕ್ಲಿಕ್ ಲೆಕ್ಕದ ಜಾಹೀರಾತಿನಲ್ಲಿ ಒತ್ತಿ ನೋಡಿ ‘ಅಯ್ಯೋ, ಇಷ್ಟಾ!’ ಎಂದು ಹಿಂದಿರುಗಿದ ಪ್ರತಿಯೊಬ್ಬರ ಹೆಸರಿನಲ್ಲೂ ನೀವು ದುಡ್ಡು ಕಟ್ಟಿರುತ್ತೀರಿ. ಕೈಮಗ್ಗದಲ್ಲಿ ನೇಯ್ದ ಅಪ್ಪಟ ರೇಷ್ಮೆಗೆ ಕಡಿಮೆ ಬೆಲೆ ಎಂಬ ಮಾತೇ ಹೊಂದುವುದಿಲ್ಲ. ಆ ಮಾತನ್ನು ಓದಿ ಬರುವವರು ಪವರ್‌ಲೂಮಿನ ಅಗ್ಗದ ಸೀರೆ ಹುಡುಕುವವರು. ಆದ್ದರಿಂದ ತಲೆಬರಹ ಕರೆಯುವ ಕೆಲಸದ ಜೊತೆಗೆ ಜರಡಿ ಹಿಡಿಯುವ ಕೆಲಸವನ್ನೂ ಮಾಡಬೇಕು. ನಿಮ್ಮ ಸೀರೆಗಳು ಎಷ್ಟು ರೂಪಾಯಿಯಿಂದ ಶುರುವಾಗುತ್ತವೆಂಬುದನ್ನು ಎದುರಿಗೇ ಹೇಳಿಬಿಡಿ.

ಹೋಲಿಸಬೇಕಾದದ್ದು ಒಂದು ಸೀರೆ ಮಾರಲು ಜಾಹೀರಾತಿಗೆ ತಗುಲಿದ ಖರ್ಚನ್ನು. ಲೆಕ್ಕ ತಿಳಿಯಲೆಂದು ಒಂದು ಕಲ್ಪನೆಯ ಉದಾಹರಣೆ ಕೊಡುತ್ತೇನೆ. ಮೊದಲ ಜಾಹೀರಾತು ಕ್ಲಿಕ್ಕಿಗೆ 8 ರೂಪಾಯಿಯಂತೆ 300 ಕ್ಲಿಕ್ ತಂದು 3 ಸೀರೆ ಮಾರಿಸಿದರೆ ಖರ್ಚು 2,400 ರೂಪಾಯಿ, ಸೀರೆಯೊಂದಕ್ಕೆ 800. ಬೆಲೆ ಹೇಳಿದ ಜಾಹೀರಾತು ಕ್ಲಿಕ್ಕಿಗೆ 10 ರೂಪಾಯಿಯಂತೆ 120 ಕ್ಲಿಕ್ ಮಾತ್ರ ತಂದು 4 ಸೀರೆ ಮಾರಿಸಿದರೆ ಖರ್ಚು 1,200, ಸೀರೆಯೊಂದಕ್ಕೆ 300. ಎರಡನೆಯದರಲ್ಲಿ ಕ್ಲಿಕ್ಕಿನ ದರ ಏರಿಸಿ ಬರೆದದ್ದು ಬೇಕೆಂದೇ. ಜಾಹೀರಾತು ಎಲ್ಲಿ ನಿಲ್ಲಬೇಕು, ಕ್ಲಿಕ್ಕಿಗೆ ಎಷ್ಟು ಬೀಳಬೇಕು ಎಂಬುದನ್ನು ಗೂಗಲ್ ನಿಮ್ಮ ಬಿಡ್ (ಕ್ಲಿಕ್ಕಿಗೆ ನೀವು ಕೂಗುವ ಬೆಲೆ) ಒಂದರಿಂದಲೇ ತೀರ್ಮಾನಿಸುವುದಿಲ್ಲ. ಜನ ಎಷ್ಟು ಒತ್ತಬಹುದೆಂಬ ಅಂದಾಜು, ಹುಡುಕಿದ್ದಕ್ಕೂ ಜಾಹೀರಾತಿಗೂ ಇರುವ ಹೊಂದಿಕೆ, ಒತ್ತಿದ ಮೇಲೆ ತೆರೆಯುವ ಪುಟದ ಗುಣ, ಈ ಮೂರನ್ನೂ ಅದು ತೂಗುತ್ತದೆ. ಖಾತೆಯಲ್ಲಿ 1ರಿಂದ 10ರವರೆಗೆ ಕಾಣುವ ಕ್ವಾಲಿಟಿ ಸ್ಕೋರ್ ಇವುಗಳದ್ದೇ ಸೂಚನೆ. ಕ್ಲಿಕ್ ತೀರ ಇಳಿದರೆ ಪ್ರತಿ ಕ್ಲಿಕ್ಕಿನ ದರ ಸ್ವಲ್ಪ ಏರಬಹುದು, ಹುಡುಗನ ಭಯಕ್ಕೆ ಆಧಾರವಿರುವುದು ಅಷ್ಟರಮಟ್ಟಿಗೆ. ಏರಿದ ದರವನ್ನು ಸೇರಿಸಿಯೇ ಲೆಕ್ಕ ಹಾಕಿ, ಖರ್ಚಿನ ಮೇಲೆ 18 ಶೇಕಡಾ ಜಿ.ಎಸ್.ಟಿ. ಬೀಳುವುದನ್ನೂ ಮರೆಯಬೇಡಿ.

ಜನ ಏನನ್ನು ಹುಡುಕಿದಾಗ ನಿಮ್ಮ ಜಾಹೀರಾತು ಕಂಡಿತೆಂಬ ಪಟ್ಟಿಯನ್ನು ವಾರಕ್ಕೊಮ್ಮೆ ತೆರೆದು, ಅಲ್ಲಿ ಬಾಡಿಗೆಗೆ, ಫ್ರೀ, ಹಳೆ ಸೀರೆ ಖರೀದಿ ಎಂಬಂಥವು ಕಂಡರೆ ಅವನ್ನು, ಈ ಪದ ಹುಡುಕಿದವರಿಗೆ ತೋರಿಸಬೇಡ ಎಂದು ಹೇಳುವ ನೆಗೆಟಿವ್ ಕೀವರ್ಡ್‌ಗಳಾಗಿ ಸೇರಿಸಿ. ಮಾತು ಎಷ್ಟೇ ಚೆನ್ನಾಗಿದ್ದರೂ ಅದನ್ನು ತಪ್ಪು ಜನರ ಮುಂದೆ ಆಡಿದರೆ ಪರೀಕ್ಷೆಯೇ ಹುಸಿಯಾಗುತ್ತದೆ.

ಪ್ರಶ್ನೆ: ಹರಿಹರದಲ್ಲಿ ನಮ್ಮದು ಹೊಲಿಗೆ ತರಬೇತಿ ಕೇಂದ್ರ. ಜಾಹೀರಾತನ್ನು ಕನ್ನಡದಲ್ಲಿ ಬರೆಯಬೇಕೇ, ಇಂಗ್ಲಿಷಿನಲ್ಲೇ? ಕನ್ನಡದಲ್ಲಿ ಬರೆಯಲು ಹೋದರೆ ಜಾಗವೇ ಸಾಲುವುದಿಲ್ಲ.

ಉತ್ತರ: ಎರಡರಲ್ಲೂ ಬರೆದು ಜನರಿಂದಲೇ ಉತ್ತರ ಪಡೆಯಬಹುದಾದ ಪ್ರಶ್ನೆ ಇದು, ಮತ್ತು ಅಂತರ ದೊಡ್ಡದಾಗಿ ಬರಬಹುದಾದ್ದರಿಂದ ಸಣ್ಣ ಊರಿನ ಪರೀಕ್ಷೆಗೆ ಹೇಳಿ ಮಾಡಿಸಿದ್ದು. ಆದರೆ ಹುಡುಕುವವರು ಟೈಪ್ ಮಾಡುವ ಬಗೆಗಳನ್ನು ಬೇರ್ಪಡಿಸಿಕೊಳ್ಳಿ. ಹೊಲಿಗೆ ತರಬೇತಿ ಎಂದು ಕನ್ನಡದಲ್ಲೇ ಬರೆದು ಅಥವಾ ಬಾಯಲ್ಲೇ ಹೇಳಿ ಹುಡುಕುವವರಿದ್ದಾರೆ, ಹೊಲಿಗೆ ಎಂಬ ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರಿದ್ದಾರೆ, ಟೈಲರಿಂಗ್ ಕ್ಲಾಸ್ ಎಂದು ಇಂಗ್ಲಿಷಿನಲ್ಲೇ ಹುಡುಕುವವರೂ ಇದ್ದಾರೆ. ದಾವಣಗೆರೆ ಎಂಬ ಊರ ಹೆಸರನ್ನೇ ಇಂಗ್ಲಿಷಿನಲ್ಲಿ ಜನ ಎರಡು ಬಗೆಯಾಗಿ ಬರೆಯುತ್ತಾರೆ, ಎರಡನ್ನೂ ಕೀವರ್ಡ್‌ಗಳಲ್ಲಿ ಸೇರಿಸಬೇಕು. ಈ ಮೂರು ಗುಂಪುಗಳನ್ನು, ಹುಡುಕುವ ಪದಗಳನ್ನೂ ಅವುಗಳ ಜಾಹೀರಾತುಗಳನ್ನೂ ಒಟ್ಟಿಗಿಡುವ ಮೂರು ಆ್ಯಡ್ ಗ್ರೂಪ್‌ಗಳಾಗಿ ಮಾಡಿ, ಒಂದೊಂದರಲ್ಲೂ ಕನ್ನಡದ ಜಾಹೀರಾತನ್ನೂ ಇಂಗ್ಲಿಷಿನದನ್ನೂ ಎದುರುಬದುರು ನಿಲ್ಲಿಸಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರ ಕಣ್ಣಿಗೆ ಇಂಗ್ಲಿಷ್ ಜಾಹೀರಾತುಗಳ ನಡುವೆ ಕನ್ನಡ ಲಿಪಿಯ ಒಂದು ಸಾಲು ತಟ್ಟನೆ ಬೀಳುತ್ತದೆ ಎಂಬುದು ನನ್ನ ಊಹೆ. ಊಹೆಯನ್ನು ನಂಬಬೇಡಿ, ಹಾಕಿ ನೋಡಿ.

ಜಾಗದ ತಕರಾರು ನ್ಯಾಯವಾದದ್ದೇ. ತಲೆಬರಹಕ್ಕೆ 30, ವಿವರಣೆಗೆ 90 ಅಕ್ಷರಗಳ ಮಿತಿಯನ್ನು ಓದಿ, ನಾವು ಶಾಲೆಯಲ್ಲಿ ಕಲಿತ ಅಕ್ಷರಗಳೆಂದು ಭಾವಿಸಿ ಮೋಸಹೋಗುತ್ತೇವೆ. ‘ಸಿದ್ಧ’ ಎಂಬ ಪದ ನಮ್ಮ ಕಣ್ಣಿಗೆ ಎರಡಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಸಕಾರ, ಗುಡಿಸು, ದಕಾರ, ಅರ್ಧಾಕ್ಷರದ ಚಿಹ್ನೆ, ಧಕಾರ ಎಂದು ಐದು. ಬೆರಳೆಣಿಸುವುದನ್ನು ಬಿಟ್ಟು ಪೆಟ್ಟಿಗೆಯ ಪಕ್ಕದಲ್ಲಿ ತಿರುಗುವ ಎಣಿಕೆಯನ್ನೇ ನೋಡಿಕೊಂಡು ಬರೆಯಿರಿ. ‘ಅತ್ಯುತ್ತಮ ಗುಣಮಟ್ಟದ ಪ್ರಶಿಕ್ಷಣ’ ಎಂಬಂಥ ಒತ್ತಕ್ಷರಗಳ ಸಾಲು ಜಾಗವನ್ನೂ ನುಂಗುತ್ತದೆ, ಏನನ್ನೂ ಹೇಳುವುದೂ ಇಲ್ಲ. ‘ಮೂರು ತಿಂಗಳಲ್ಲಿ ರವಿಕೆ ಹೊಲಿಗೆ’ ಎಂದರೆ ಮಿತಿಯೊಳಗೇ ಕುಳಿತು ಕೆಲಸದ ಮಾತನ್ನು ಹೇಳುತ್ತದೆ. ತಲೆಬರಹದಲ್ಲಿ ಉದ್ಗಾರ ಚಿಹ್ನೆ ಹಾಕಲು, ಜಾಹೀರಾತಿನ ಮಾತಿನೊಳಗೆ ಫೋನ್ ನಂಬರ್ ತುರುಕಲು ಗೂಗಲ್ ಬಿಡುವುದಿಲ್ಲ ಎಂಬುದೂ ತಿಳಿದಿರಲಿ.

ಪ್ರಶ್ನೆ: ದಾವಣಗೆರೆ ವಿದ್ಯಾನಗರದಲ್ಲಿ ಕೋಚಿಂಗ್ ಕೇಂದ್ರ ನಡೆಸುತ್ತಿದ್ದೇನೆ. ‘100 ಶೇಕಡಾ ಸೀಟು ಗ್ಯಾರಂಟಿ’, ‘ಜಿಲ್ಲೆಗೇ ನಂ. 1’ ಎಂಬ ಎರಡರಲ್ಲಿ ಯಾವುದನ್ನು ಪರೀಕ್ಷಿಸಲಿ?

ಉತ್ತರ: ಎರಡನ್ನೂ ಬೇಡ. ಗೆದ್ದರೂ ಉಳಿಸಿಕೊಳ್ಳಲಾಗದ ಮಾತನ್ನು ಪರೀಕ್ಷೆಗೇ ಇಳಿಸಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಕೋಚಿಂಗ್ ಕೇಂದ್ರಗಳ ಜಾಹೀರಾತಿಗೆಂದೇ 2024ರ ನವೆಂಬರ್‌ನಲ್ಲಿ ಪ್ರತ್ಯೇಕ ಮಾರ್ಗಸೂಚಿಯೂ ಬಂದಿದೆ, ಸೀಟಿನ ಗ್ಯಾರಂಟಿಯಂಥ ಸುಳ್ಳು ಭರವಸೆಗಳನ್ನು ಅದು ನೇರವಾಗಿ ತಡೆಯುತ್ತದೆ. ಒಂದು ತರಗತಿಯಲ್ಲಿ ಎಷ್ಟು ಮಕ್ಕಳು, ಸಂದೇಹ ಕೇಳಲು ಸಂಜೆ ಎಷ್ಟು ಹೊತ್ತಿನ ತನಕ ಮೇಷ್ಟ್ರು ಸಿಗುತ್ತಾರೆ, ಇವೆರಡನ್ನು ಎದುರುಬದುರು ಹಾಕಿ ನೋಡಿ.

ಪ್ರಶ್ನೆ: ಚಿತ್ರದುರ್ಗದ ಕೋಟೆಯ ಹತ್ತಿರ ನಮ್ಮ ವಸತಿಗೃಹವಿದೆ. ಜಿಲ್ಲೆಗೆ ಮಾತ್ರ ಜಾಹೀರಾತು ಹಾಕಿದ್ದರೂ ಬೇರೆ ಊರುಗಳಿಂದ ಕ್ಲಿಕ್ ಬರುತ್ತಿವೆ. ಇದು ಮೋಸವೇ?

ಉತ್ತರ: ಮೋಸವಲ್ಲ, ಸೆಟ್ಟಿಂಗ್. ಊರನ್ನು ಆರಿಸಿದಾಗ ಆ ಊರಿನಲ್ಲಿರುವವರಿಗೆ ಮಾತ್ರವಲ್ಲದೆ ಆ ಊರಿನ ಬಗ್ಗೆ ಆಸಕ್ತಿ ತೋರಿಸಿದವರಿಗೂ ಜಾಹೀರಾತು ಕಾಣುವುದು ಮೊದಲಿನಿಂದಲೇ ಇರುವ ಆಯ್ಕೆ. ನೆಂಟರೊಬ್ಬರ ಅಂಗಡಿಗೆ ಜಾಹೀರಾತು ಹಾಕಿಕೊಡುವಾಗ ನಾನೂ ಇದನ್ನು ಗಮನಿಸದೆ, ಒಂದು ತಿಂಗಳ ಪರೀಕ್ಷೆಯನ್ನು ಪೂರ್ತಿ ಎಸೆಯಬೇಕಾಯಿತು, ಏಕೆಂದರೆ ಅಂಗಡಿಗೆ ಎಂದೂ ಬರಲಾರದವರ ಕ್ಲಿಕ್‌ಗಳು ಅದರಲ್ಲಿ ಸೇರಿದ್ದವು. ಮೋಟಾರ್ ಅಂಗಡಿಯವರು ‘ಊರಿನಲ್ಲಿರುವವರಿಗೆ ಮಾತ್ರ’ ಎಂದು ಬದಲಿಸಿಕೊಳ್ಳಲೇಬೇಕು. ನಿಮ್ಮದು ವಸತಿಗೃಹ. ಬೆಂಗಳೂರಿನಲ್ಲಿ ಕುಳಿತು ಚಿತ್ರದುರ್ಗದ ಕೋಟೆ ನೋಡಲು ಹೊರಟವರೇ ನಿಮ್ಮ ಗಿರಾಕಿಗಳು, ಊರಿನವರಿಗೆ ಊರಿನಲ್ಲೇ ಮನೆಯಿದೆ. ಇದ್ದಂತೆಯೇ ಇರಲಿ.

ಪ್ರಶ್ನೆ: ಜಾಹೀರಾತು ಬರುತ್ತಿದೆಯೇ ಎಂದು ದಿನಕ್ಕೆ ನಾಲ್ಕು ಸಲ ನಾನೇ ಹುಡುಕಿ ನೋಡುತ್ತೇನೆ, ಒಮ್ಮೊಮ್ಮೆ ಒತ್ತಿಯೂ ನೋಡುತ್ತೇನೆ. ಇದರಿಂದ ತೊಂದರೆಯಿದೆಯೇ? (ಮಂಡಿಪೇಟೆ, ದಾವಣಗೆರೆ)

ಉತ್ತರ: ಇದೆ. ಒತ್ತಿದರೆ ದುಡ್ಡು ಹೋಗಬಹುದು, ಒತ್ತದೆ ಬರೀ ನೋಡಿದರೆ ಕಂಡಿತು ಆದರೆ ಒತ್ತಲಿಲ್ಲ ಎಂಬ ಲೆಕ್ಕಕ್ಕೆ ಸೇರಿ ನೂರಕ್ಕೆ ಇಷ್ಟು ಕ್ಲಿಕ್ ಎಂಬ ನಿಮ್ಮದೇ ಪ್ರಮಾಣ ಇಳಿಯುತ್ತದೆ. ತಿಂಗಳಿಗೆ ಸಾವಿರ ಬಾರಿ ಕಾಣುವ ಜಾಹೀರಾತಿನಲ್ಲಿ ದಿನಕ್ಕೆ ನಾಲ್ಕರಂತೆ ನೂರಿಪ್ಪತ್ತು ಸಲ ನೀವೇ ಇದ್ದರೆ ಪರೀಕ್ಷೆಯ ಎಂಟನೆಯ ಒಂದು ಪಾಲು ನೀವೊಬ್ಬರೇ ಆಗಿರುತ್ತೀರಿ. ಖಾತೆಯೊಳಗೆ ಆ್ಯಡ್ ಪ್ರಿವ್ಯೂ ಎಂಬ ಸೌಲಭ್ಯವಿದೆ. ಊರು, ಭಾಷೆ, ಹುಡುಕುವ ಪದ ಕೊಟ್ಟರೆ ಜಾಹೀರಾತು ಹೇಗೆ ಕಾಣುತ್ತದೆಂದು ತೋರಿಸುತ್ತದೆ, ಎಣಿಕೆಗೆ ಸೇರುವುದಿಲ್ಲ. ಅಂಗಡಿಯ ಹುಡುಗರಿಗೂ ಅದನ್ನೇ ಬಳಸಲು ಹೇಳಿ.